ಅಲೆಯ ಮೇಲೆ ಕುಕ್ಕರ್ ಕೂಗಿದರೆ

ಜೂನ್, ಜುಲೈನಲ್ಲಿ ಕರಾವಳಿಯ ಯಾಂತ್ರಿಕ ಬೋಟುಗಳು 61 ದಿನ ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯ ಬೋಟೊಂದರಲ್ಲಿ ಅಡುಗೆ ನೋಡಿಕೊಳ್ಳುವ, ಚಿತ್ರದುರ್ಗದ ಹತ್ತಿರದ ನಮ್ಮ ಮದಕರಿಪುರದ ಹುಡುಗ ಆಗ ಊರಿಗೆ ಬರುತ್ತಾನೆ. ಈ ಸಲ ನಮ್ಮ ಮನೆಗೆ ಬಂದಾಗ ಒಲೆಯ ಮೇಲೆ ತೊಗರಿಬೇಳೆ ಇತ್ತು. ಮೂರನೇ ಕೂಗಿಗೆ ಎದ್ದು ಉರಿ ಆರಿಸಿದೆ.

"ನೀವು ಕೂಗು ಎಣಿಸ್ತೀರಿ ಸಾರ್. ಬೋಟಲ್ಲಿ ಅದನ್ನ ನಂಬಿದ್ರೆ ಬೇಳೆ ಬೇಯಲ್ಲ" ಎಂದ.

ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಕಾರಣ ಇರುವುದು ಮುಚ್ಚಳದ ಮೇಲಿನ ಆ ಪುಟ್ಟ ವೆಯ್ಟ್‌ನಲ್ಲಿ. ಸಣ್ಣ ತೂತಿನ ಮೇಲೆ ಅದು ತನ್ನ ಭಾರದಿಂದಲೇ ಕೂತಿರುತ್ತದೆ. ಒಳಗಿನ ಆವಿ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚು ಒತ್ತಿದಾಗ ವೆಯ್ಟ್ ಏಳುತ್ತದೆ, ಕುಕ್ಕರ್ ಕೂಗುತ್ತದೆ. ಆ ಒತ್ತಡದಲ್ಲಿ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಬೇಳೆ ಬೇಗ ಬೇಯುವುದು ಅದಕ್ಕೇ. ಊರಿನ ಎತ್ತರ ಕಾರಣವಿರಬಹುದೇ? ಚಿತ್ರದುರ್ಗ ಸಮುದ್ರಮಟ್ಟದಿಂದ 730 ಮೀಟರಿನಷ್ಟು ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ಇಲ್ಲಿ ನೀರು ಕುದಿಯುವುದು 97.5 ಡಿಗ್ರಿಯ ಆಸುಪಾಸಿನಲ್ಲಿ, ಮಲ್ಪೆಯಲ್ಲಿ 100ಕ್ಕೆ. ಕುಕ್ಕರಿನೊಳಗೆ ಈ ಅಂತರ ಒಂದೂವರೆ ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಹುಡುಗನ ತಕರಾರಿಗೆ ಎತ್ತರ ಕಾರಣವಲ್ಲ.

ಬೋಟು ಪಕ್ಕಕ್ಕೆ ವಾಲಿದಾಗ ವೆಯ್ಟಿನ ಪೂರ್ತಿ ಭಾರ ತೂತಿನ ಮೇಲೆ ಬೀಳುವುದಿಲ್ಲ. 15 ಡಿಗ್ರಿ ವಾಲಿದರೆ ನಷ್ಟ ನೂರಕ್ಕೆ ಮೂರೂವರೆಯಷ್ಟೇ. 30 ಡಿಗ್ರಿಗೆ 13 ಪಾಲು ಹೋಯಿತು. ಇನ್ನೊಂದು ಕಾರಣವನ್ನು ದೋಣಿ ಹತ್ತಿದವರ ಹೊಟ್ಟೆಯೇ ಬಲ್ಲದು. ಅಲೆಯ ನೆತ್ತಿಯಿಂದ ಬೋಟು ಕೆಳಗೆ ಜಾರುವಾಗ ಕರುಳು ಮೇಲಕ್ಕೆ ಬಂದಂತಾಗುತ್ತದಲ್ಲ, ಅದೇ ಗಳಿಗೆಯಲ್ಲಿ ವೆಯ್ಟ್ ಕೂಡ ಹಗುರ. ಒತ್ತಡ ತುಂಬುವ ಮೊದಲೇ ಬುಸ್ಸೆಂದು ಆವಿ ಬಿಟ್ಟುಬಿಡುತ್ತದೆ. ಕೂಗು ಐದಾದರೂ ಬೇಳೆ ಗಟ್ಟಿ.

ಈ ವೆಯ್ಟಿನ ವಂಶ ಹಳೆಯದು. ಫ್ರಾನ್ಸಿನ ಡೆನಿ ಪಾಪ್ಯಾಂ 1679ರಲ್ಲಿ ಲಂಡನ್ನಿನಲ್ಲಿ ಮೂಳೆ ಮೆತ್ತಗಾಗುವಂತೆ ಬೇಯಿಸುವ ಪಾತ್ರೆ ಮಾಡಿ ತೋರಿಸಿದ. ಅದು ಸಿಡಿಯದಿರಲೆಂದು ಸನ್ನೆಕೋಲಿಗೆ ತೂಕ ತೂಗುಹಾಕಿದ ಕವಾಟ ಜೋಡಿಸಿದ. ಮುಂದೆ ಉಗಿಬಂಡಿಗಳು ಬಂದಾಗ ಹಳಿಯ ಕುಲುಕಾಟಕ್ಕೆ ಆ ತೂಕ ಎಗರಿ ಉಗಿ ಪೋಲಾಗುತ್ತಿತ್ತು. ತೂಕದ ಜಾಗಕ್ಕೆ ಸ್ಪ್ರಿಂಗ್ ಬಂತು. ಕುಲುಕಿದರೂ ವಾಲಿದರೂ ಸ್ಪ್ರಿಂಗಿನ ಬಿಗಿ ಸಡಿಲವಾಗದು.

ಇಷ್ಟಾದರೂ ಬೋಟಿಗೆ ಕುಕ್ಕರೇ ಸರಿ ಎಂದು ನನಗನ್ನಿಸುತ್ತದೆ. ಹತ್ತು ದಿನದ ಪಯಣಕ್ಕೆ ಸಿಹಿನೀರು, ಗ್ಯಾಸ್ ಎರಡೂ ಅಳತೆಯವು. ಕುಕ್ಕರ್ ಎರಡನ್ನೂ ಉಳಿಸುತ್ತದೆ. ಬೋಟು ಕುಲುಕಿದರೂ ಬಿಗಿದ ಮುಚ್ಚಳ ಕುದಿಯುವ ಬೇಳೆಯನ್ನು ಯಾರ ಕಾಲ ಮೇಲೂ ಚೆಲ್ಲಗೊಡದು. ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಅಷ್ಟೆ. ತುಳುಕಿದ ಬೇಳೆಯ ಸಿಪ್ಪೆ ತೂತಿಗೆ ಅಡರಿದರೆ ಅಪಾಯ.

ಹುಡುಗ ಮಾಡುವುದಿಷ್ಟು: ಒಲೆಯ ಸುತ್ತಲಿನ ಕಂಬಿಗೆ ಕುಕ್ಕರನ್ನು ಆನಿಸಿ, ಆವಿ ಬಿಡದೆ ಬರತೊಡಗಿದ ಮೇಲೆ ಉರಿ ತಗ್ಗಿಸಿ, ಮೊಬೈಲಿನಲ್ಲಿ ನಿಮಿಷ ನೋಡುತ್ತಾನೆ. ಜುಲೈ ಕೊನೆಗೆ ಮಲ್ಪೆಗೆ ಹೊರಟವನು ದುರ್ಗದ ಪೇಟೆಯಲ್ಲಿ ಹೊಸ ಗ್ಯಾಸ್ಕೆಟ್ ಎರಡು ಕೊಂಡ. ನಡುಗಡಲಲ್ಲಿ ಹಳೆಯದು ಹರಿದರೆ ಅಂಗಡಿ ಎಲ್ಲಿ?