ಮೊದಲೇ ಮಾತು ಕೊಡಬೇಕೆ?
ಅಮೆರಿಕದ ವಿಶ್ವವಿದ್ಯಾಲಯಗಳ ‘ಅರ್ಲಿ ಡಿಸಿಷನ್’ ಪದ್ಧತಿ

ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಪದವಿ ವ್ಯಾಸಂಗ ಮಾಡಬೇಕೆನ್ನುವ ನಮ್ಮ ವಿದ್ಯಾರ್ಥಿಗಳ ಮುಂದೆ ದ್ವಿತೀಯ ಪಿಯುಸಿಯ ನಡುವಿನಲ್ಲೇ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ‘ಅರ್ಲಿ ಡಿಸಿಷನ್’ ಎಂಬ ಪದ್ಧತಿಯಲ್ಲಿ ಅರ್ಜಿ ಹಾಕಬೇಕೆ, ಬೇಡವೆ? ನವೆಂಬರ್ ತಿಂಗಳ ಆರಂಭಕ್ಕೆ ಇದರ ಉತ್ತರ ಸಿದ್ಧವಾಗಿರಬೇಕು. ಪೋಷಕರು ಸಾಮಾನ್ಯವಾಗಿ ಕೇಳುವುದು, “ಹೀಗೆ ಮಾಡಿದರೆ ಸೀಟು ಬೇಗ ಸಿಗುತ್ತದಂತೆ, ನಿಜವೆ?” ಎಂದು. ಅದಕ್ಕೂ ಮೊದಲು ಮನೆಯಲ್ಲಿ ಎಲ್ಲರೂ ಕುಳಿತು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಸೀಟು ಸಿಕ್ಕಿಯೇಬಿಟ್ಟರೆ ಏನು ಮಾಡುತ್ತೇವೆ?

ಪದ್ಧತಿ ಏನು?

ಅಲ್ಲಿ ಅರ್ಜಿ ಹಾಕಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ‘ರೆಗ್ಯುಲರ್ ಡಿಸಿಷನ್’. ಜನವರಿ ಆರಂಭದ ಹೊತ್ತಿಗೆ ಎಷ್ಟು ಕಡೆಗಾದರೂ ಅರ್ಜಿ ಹಾಕಬಹುದು. ಮಾರ್ಚ್ ಕೊನೆಯ ಹೊತ್ತಿಗೆ ಫಲಿತಾಂಶ ಬರುತ್ತದೆ. ಮೇ 1ರೊಳಗೆ ಒಂದನ್ನು ಆರಿಸಿಕೊಂಡರಾಯಿತು. ಎರಡನೆಯದು ‘ಅರ್ಲಿ ಆಕ್ಷನ್’. ಇಲ್ಲಿ ಬೇಗ ಅರ್ಜಿ, ಬೇಗ ಉತ್ತರ. ಆದರೆ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮತ್ತು ಸ್ಟ್ಯಾನ್‌ಫರ್ಡ್‌ಗಳಲ್ಲಿ ಇದರದೇ ಬಿಗಿಯಾದ ರೂಪವಿದೆ. ಅದೇ ಸಮಯದಲ್ಲಿ ಬೇರೆ ಖಾಸಗಿ ವಿಶ್ವವಿದ್ಯಾಲಯಗಳಿಗೆ ಬೇಗನೆ ಅರ್ಜಿ ಹಾಕುವಂತಿಲ್ಲ ಎಂಬುದೇ ಅಲ್ಲಿನ ಷರತ್ತು.

ಮೂರನೆಯದೇ ‘ಅರ್ಲಿ ಡಿಸಿಷನ್’. ಬ್ರೌನ್, ಕೊಲಂಬಿಯಾ, ಕಾರ್ನೆಲ್, ಡಾರ್ಟ್‌ಮತ್, ಪೆನ್ಸಿಲ್ವೇನಿಯಾ, ಡ್ಯೂಕ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಇದು ರೂಢಿಯಲ್ಲಿದೆ. ಹೀಗೆ ಅರ್ಜಿ ಹಾಕಬಹುದಾದದ್ದು ಒಂದೇ ಕಡೆಗೆ. ನೀವು ಪ್ರವೇಶ ಕೊಟ್ಟರೆ ನಾನು ಸೇರುತ್ತೇನೆ, ಉಳಿದೆಲ್ಲ ಅರ್ಜಿಗಳನ್ನೂ ಹಿಂತೆಗೆದುಕೊಳ್ಳುತ್ತೇನೆ ಎಂದು ವಿದ್ಯಾರ್ಥಿ ಮುಚ್ಚಳಿಕೆ ಬರೆದುಕೊಡಬೇಕು. ಪೋಷಕರೂ ಶಾಲೆಯ ಸಲಹೆಗಾರರೂ ಅದಕ್ಕೆ ಸಹಿ ಹಾಕುತ್ತಾರೆ. ಸಲಹೆಗಾರರಿಲ್ಲದ ಕಾಲೇಜಿನಲ್ಲಿ ಆ ಹೊಣೆ ಪ್ರಾಂಶುಪಾಲರದು. ಡಿಸೆಂಬರ್ ಮಧ್ಯದ ಹೊತ್ತಿಗೆ ಮೂರರಲ್ಲೊಂದು ಉತ್ತರ ಬರುತ್ತದೆ: ಪ್ರವೇಶ, ನಿರಾಕರಣೆ, ಅಥವಾ ಮುಂದೂಡಿಕೆ. ಮುಂದೂಡಿದರೆ ಅರ್ಜಿಯನ್ನು ಇತರರೊಂದಿಗೆ ಮತ್ತೊಮ್ಮೆ ನೋಡುತ್ತಾರೆ, ವಿದ್ಯಾರ್ಥಿ ತನ್ನ ಮಾತಿನಿಂದ ಬಿಡುಗಡೆಯಾಗುತ್ತಾನೆ. ನಿರಾಕರಿಸಿದರೆ ಆ ವರ್ಷ ಅಲ್ಲಿಗೆ ಮತ್ತೆ ಅರ್ಜಿ ಹಾಕುವಂತಿಲ್ಲ. ಜನವರಿಯಲ್ಲಿ ಎರಡನೆಯ ಸುತ್ತಿನ ಅರ್ಲಿ ಡಿಸಿಷನ್ ಅರ್ಜಿಗಳನ್ನು ತೆಗೆದುಕೊಳ್ಳುವ ಸಂಸ್ಥೆಗಳೂ ಇವೆ. ಷರತ್ತು ಮಾತ್ರ ಅದೇ.

ವಿಶ್ವವಿದ್ಯಾಲಯಕ್ಕೇನು ಲಾಭ?

ಮದುವೆ ಮನೆಯ ಅಡುಗೆ ಭಟ್ಟರು ಮೊದಲು ಕೇಳುವುದೇ “ಎಷ್ಟು ಎಲೆ?” ಎಂದು. ಕರೆದವರೆಲ್ಲ ಬರುವುದಿಲ್ಲ. ಎಷ್ಟು ಮಂದಿ ಬಂದಾರು ಎಂಬ ಅಂದಾಜು ತಪ್ಪಿದರೆ ಅಡುಗೆ ಉಳಿಯುತ್ತದೆ, ಇಲ್ಲವೇ ಸಾಲದೆ ಹೋಗುತ್ತದೆ. ವಿಶ್ವವಿದ್ಯಾಲಯದ ಪಾಡೂ ಇದೇ. ಪ್ರವೇಶ ಕೊಟ್ಟವರಲ್ಲಿ ಎಷ್ಟು ಜನ ನಿಜಕ್ಕೂ ಬಂದು ಸೇರುತ್ತಾರೆ ಎಂಬುದು ಅದಕ್ಕೆ ಮೊದಲೇ ತಿಳಿಯದು. ಅರ್ಲಿ ಡಿಸಿಷನ್‌ನಲ್ಲಿ ಆಯ್ಕೆಯಾದವರು ಬಹುತೇಕ ಎಲ್ಲರೂ ಬರುತ್ತಾರೆ. ಹೀಗಾಗಿ ತರಗತಿಯ ದೊಡ್ಡ ಪಾಲು ಡಿಸೆಂಬರ್‌ನಲ್ಲೇ ಖಚಿತವಾಗುತ್ತದೆ. ಈ ನಿಶ್ಚಿಂತೆಗೆ ಪ್ರತಿಯಾಗಿ ವಿಶ್ವವಿದ್ಯಾಲಯವು ಬೇಗ ಬಂದ ಅರ್ಜಿಗಳನ್ನು ಸ್ವಲ್ಪ ಉದಾರವಾಗಿ ನೋಡುತ್ತದೆ.

ಅವಕಾಶ ಎಷ್ಟು ಹೆಚ್ಚುತ್ತದೆ?

ಅಂಕಿ-ಅಂಶಗಳು ಆಕರ್ಷಕವಾಗಿಯೇ ಇವೆ. 2023ರ ಡಿಸೆಂಬರ್‌ನಲ್ಲಿ ಬ್ರೌನ್ ವಿಶ್ವವಿದ್ಯಾಲಯ ಹೀಗೆ ಅರ್ಜಿ ಹಾಕಿದವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಪ್ರವೇಶ ಕೊಟ್ಟಿತು. ಆ ವರ್ಷದ ಎಲ್ಲ ಅರ್ಜಿಗಳನ್ನೂ ಸೇರಿಸಿ ನೋಡಿದರೆ ಈ ಪ್ರಮಾಣ ನೂರಕ್ಕೆ ಸುಮಾರು 5. ಹಾಗಾದರೆ ಅವಕಾಶ ಮೂರು ಪಟ್ಟು ಹೆಚ್ಚಾಯಿತು ಎನ್ನಬಹುದೆ?

ಹಾಗೆನ್ನಲು ಬರುವುದಿಲ್ಲ. ಎರಡು ಗುಂಪುಗಳನ್ನು ಹೋಲಿಸುವಾಗ ಗುಂಪಿನಲ್ಲಿ ಇರುವವರು ಯಾರು ಎಂದು ಮೊದಲು ನೋಡಬೇಕು. ವಿಶ್ವವಿದ್ಯಾಲಯದ ತಂಡಗಳಿಗೆ ಮೊದಲೇ ಗೊತ್ತುಮಾಡಿಕೊಂಡ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ಒಳ್ಳೆಯ ಮಾರ್ಗದರ್ಶನ ದೊರೆತ ಶ್ರೀಮಂತ ಶಾಲೆಗಳ ಮಕ್ಕಳು ಈ ಬೇಗನೆಯ ಗುಂಪಿನಲ್ಲಿ ಹೆಚ್ಚಾಗಿರುತ್ತಾರೆ. ಅವರ ಯಶಸ್ಸಿನ ಪ್ರಮಾಣ ಹುಬ್ಬಳ್ಳಿಯ ಅಥವಾ ಮೈಸೂರಿನ ವಿದ್ಯಾರ್ಥಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಆದರೂ ಅನುಕೂಲವೇ ಇಲ್ಲವೆಂದಲ್ಲ. ಕ್ರಿಸ್ಟೋಫರ್ ಏವರಿ ಮತ್ತು ಅವರ ಇಬ್ಬರು ಸಹಲೇಖಕರು 14 ಪ್ರತಿಷ್ಠಿತ ಕಾಲೇಜುಗಳ 5 ಲಕ್ಷಕ್ಕೂ ಹೆಚ್ಚು ಅರ್ಜಿಗಳನ್ನು ಪರಿಶೀಲಿಸಿ 2003ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಸಮಾನ ಅರ್ಹತೆಯವರನ್ನೇ ಹೋಲಿಸಿದಾಗಲೂ ಬೇಗ ಅರ್ಜಿ ಹಾಕಿದವರಿಗೆ ಎಸ್‌ಎಟಿ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಪಡೆದಷ್ಟು ಲಾಭವಿತ್ತು ಎಂಬುದು ಅವರ ತೀರ್ಮಾನ. ಲಾಭ ನಿಜ, ಆದರೆ ಮೇಲುನೋಟಕ್ಕೆ ಕಾಣುವಷ್ಟು ದೊಡ್ಡದಲ್ಲ. ದುರ್ಬಲ ಅರ್ಜಿಯನ್ನು ಅದು ಎತ್ತಿ ನಿಲ್ಲಿಸಲಾರದು.

ಹಣದ ಲೆಕ್ಕ

ಈ ಲಾಭಕ್ಕೆ ಪ್ರತಿಯಾಗಿ ನಾವು ಬಿಟ್ಟುಕೊಡುವುದು ಹೋಲಿಸಿ ನೋಡುವ ಹಕ್ಕನ್ನು. ಹೆಣ್ಣಿನ ಕಡೆಯವರು ಒಪ್ಪುವ ಮೊದಲೇ ಗಂಡಿನ ಕಡೆಯವರು ತಾಂಬೂಲ ಕೊಟ್ಟು ಕುಳಿತಂತೆ ಇದು. ಮುಂದೆ ಬೇರೊಂದು ವಿಶ್ವವಿದ್ಯಾಲಯ ಹೆಚ್ಚು ನೆರವು ಕೊಡುತ್ತಿತ್ತೇನೋ, ಅದು ನಮಗೆ ತಿಳಿಯುವುದೇ ಇಲ್ಲ.

ಇಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ, ವಸತಿ, ಊಟ ಎಲ್ಲ ಸೇರಿ ಇಂದು ವರ್ಷಕ್ಕೆ ಸುಮಾರು 90,000 ಡಾಲರ್ ತಗಲುತ್ತದೆ. ರೂಪಾಯಿಯಲ್ಲಿ ಇದು 75 ಲಕ್ಷವನ್ನು ಮೀರುತ್ತದೆ. ನಾಲ್ಕು ವರ್ಷಕ್ಕೆ 3 ಕೋಟಿ. ವಿನಿಮಯ ದರವೂ ನಿಂತಲ್ಲಿ ನಿಲ್ಲುವುದಿಲ್ಲ. 2018ರ ಆರಂಭದಲ್ಲಿ ಸುಮಾರು 64 ರೂಪಾಯಿ ಇದ್ದ ಡಾಲರ್ 2022ರ ಕೊನೆಗೆ 82ನ್ನು ದಾಟಿತ್ತು. ಒಂದು ಪದವಿ ಮುಗಿಯುವಷ್ಟು ಕಾಲದಲ್ಲೇ ಈ ಏರಿಕೆ.

ನೆರವು ಬೇಕಾದವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅನೇಕ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳ ಆಯ್ಕೆಯಲ್ಲಿ ಅವರಿಗೆ ನೆರವು ಬೇಕೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆಮ್ಹರ್ಸ್ಟ್, ಬೋಡನ್, ಡಾರ್ಟ್‌ಮತ್, ಬ್ರೌನ್‌ಗಳು ಅದನ್ನು ನೋಡದೆ ಆಯ್ಕೆ ಮಾಡುತ್ತವೆ, ಅಗತ್ಯವಿರುವಷ್ಟು ನೆರವನ್ನೂ ಕೊಡುತ್ತವೆ. ಅಗತ್ಯ ಎಷ್ಟು ಎಂದು ನಿರ್ಧರಿಸುವವರು ಮಾತ್ರ ಅವರೇ. ಮನೆ, ಜಮೀನು, ಉಳಿತಾಯ ಎಲ್ಲವೂ ಈ ಲೆಕ್ಕಕ್ಕೆ ಬರಬಹುದು. ಮೊದಲ ವರ್ಷ ನೆರವು ಕೇಳದ ವಿದೇಶಿ ವಿದ್ಯಾರ್ಥಿ ಮುಂದೆ ಕೇಳುವಂತಿಲ್ಲ ಎಂಬ ನಿಯಮವೂ ಕೆಲವೆಡೆ ಇದೆ. ಕೊಟ್ಟ ನೆರವು ಸಾಲದೆ ಸೇರಲು ಸಾಧ್ಯವೇ ಇಲ್ಲವೆಂದಾದರೆ ಬಿಡುಗಡೆ ಕೇಳಬಹುದು. ಆದರೆ ಅದನ್ನೇ ನಂಬಿ ಸಹಿ ಹಾಕುವುದು ಜಾಣತನವಲ್ಲ. ಕಾರಣವಿಲ್ಲದೆ ಮಾತು ಮುರಿದರೆ ಆ ಕಾಲೇಜಿನಿಂದ ಮುಂದೆ ಅರ್ಜಿ ಹಾಕುವ ಮಕ್ಕಳ ಮೇಲಿನ ನಂಬಿಕೆಗೂ ಪೆಟ್ಟು ಬೀಳುತ್ತದೆ.

ಅಮೆರಿಕದಲ್ಲಿಯೂ ಈ ಪದ್ಧತಿಯ ಬಗ್ಗೆ ಒಮ್ಮತವಿಲ್ಲ. ಇದು ಅನುಕೂಲಸ್ಥರಿಗೇ ಅನುಕೂಲ ಎಂಬ ಕಾರಣಕ್ಕೆ ಪ್ರಿನ್ಸ್‌ಟನ್ ಇದನ್ನು ಕೈಬಿಡುವುದಾಗಿ 2006ರಲ್ಲಿ ಘೋಷಿಸಿತು. 2011ರಲ್ಲಿ ಬೇಗನೆಯ ಅರ್ಜಿಗಳನ್ನು ಮತ್ತೆ ಆರಂಭಿಸಿದಾಗ ಸೇರಲೇಬೇಕೆಂಬ ಷರತ್ತನ್ನು ಬಿಟ್ಟಿತು. 2025ರ ಆಗಸ್ಟ್‌ನಲ್ಲಿ, ಈ ಪದ್ಧತಿ ಪೈಪೋಟಿಯನ್ನು ತಗ್ಗಿಸಿ ವೆಚ್ಚ ಹೆಚ್ಚಿಸುತ್ತದೆ ಎಂದು ಆಕ್ಷೇಪಿಸಿ 32 ಸಂಸ್ಥೆಗಳ ವಿರುದ್ಧ ದಾವೆ ಹೂಡಲಾಯಿತು.

ತೀರ್ಮಾನ ಹೇಗೆ?

ಅಕ್ಟೋಬರ್‌ನಲ್ಲೇ ಮೂರು ವಿಷಯಗಳನ್ನು ಕಾಗದದ ಮೇಲೆ ಬರೆಯಿರಿ. ಒಂದು, ಉಳಿದ ಎಲ್ಲ ವಿಶ್ವವಿದ್ಯಾಲಯಗಳೂ ಒಟ್ಟಿಗೆ ಕರೆದರೂ ವಿದ್ಯಾರ್ಥಿ ಇದನ್ನೇ ಆರಿಸುತ್ತಾನೆಯೆ? ಹೆಸರನ್ನು ಬದಿಗಿಟ್ಟು, ಅಲ್ಲಿನ ಪಠ್ಯಕ್ರಮವನ್ನು ಓದಿ ಉತ್ತರಿಸಬೇಕು. ಎರಡು, ಅರ್ಜಿ ಈಗಲೇ ಗಟ್ಟಿಯಾಗಿದೆಯೆ? ಒಂಬತ್ತನೇ ತರಗತಿಯಿಂದ ಪ್ರಥಮ ಪಿಯುಸಿವರೆಗಿನ ಅಂಕಗಳು, ಪ್ರಬಂಧಗಳು, ಅಧ್ಯಾಪಕರ ಶಿಫಾರಸುಗಳೇ ಅಲ್ಲಿಗೆ ಹೋಗುವ ಸಾಕ್ಷ್ಯ. ಇನ್ನೆರಡು ತಿಂಗಳಲ್ಲಿ ಅರ್ಜಿ ಸುಧಾರಿಸುವಂತಿದ್ದರೆ ಕಾಯುವುದೇ ಲೇಸು. ಮೂರು, ನೆರವಿನ ಅತಿ ಕಡಿಮೆ ಅಂದಾಜು ಹಿಡಿದರೂ ನಾಲ್ಕು ವರ್ಷ ಹಣ ಎಲ್ಲಿಂದ ಬರುತ್ತದೆ? ತಂಗಿಯ ಓದು, ಅಜ್ಜಿಯ ಔಷಧಿ, ಮನೆಯ ಸಾಲ, ಇವೆಲ್ಲ ಆ ಕಾಗದದ ಮೇಲೆ ಬರಲಿ.

ಮೂರಕ್ಕೂ ಹೌದು ಎಂದಾದರೆ ಧೈರ್ಯವಾಗಿ ಸಹಿ ಹಾಕಿ. ಪ್ರವೇಶ ಸಿಕ್ಕ ಮೇಲೂ ವಾರ್ಷಿಕ ಪರೀಕ್ಷೆಯನ್ನು ಚೆನ್ನಾಗಿಯೇ ಮುಗಿಸಬೇಕು ಎಂಬುದು ನೆನಪಿರಲಿ. ಒಂದಕ್ಕಾದರೂ ಉತ್ತರ ತಡವರಿಸಿದರೆ ರೆಗ್ಯುಲರ್ ದಾರಿಯೇ ಸರಿ. ಅಲ್ಲಿ ಅವಕಾಶ ಒಂದಿಷ್ಟು ಕಡಿಮೆಯಾಗಬಹುದು. ಆದರೆ ಏಪ್ರಿಲ್ ಪೂರ್ತಿ, ಬಂದ ಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಲೆಕ್ಕ ಹಾಕಲು ನಿಮಗೆ ಒಂದು ತಿಂಗಳು ಸಿಗುತ್ತದೆ. ನೆರವು ಬೇಕಾದ ಮನೆಗೆ ಆ ತಿಂಗಳು ಸಣ್ಣದೇನಲ್ಲ.