ಹೊಸ್ತಿಲಿಗೆ ಬರುವ ಹಾಡು: ಅಂಟಿಗೆ-ಪಂಟಿಗೆ ನಡೆಯುವ ಬಗೆ

ಮಲೆನಾಡಿನವರಿಗೆ ದೀಪಾವಳಿಯೆಂದರೆ ದೊಡ್ಡಹಬ್ಬ. ಬೆಳಿಗ್ಗೆ ಗೋಪೂಜೆ, ಮಧ್ಯಾಹ್ನ ಹೋಳಿಗೆ ಊಟ ಮುಗಿದು ಕತ್ತಲಾಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಗಂಡಸರ ತಂಡವೊಂದು ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಹೊರಡುತ್ತದೆ. ಇದೇ ಅಂಟಿಗೆ-ಪಂಟಿಗೆ. ಅಂಟಿಕೆ-ಪಂಟಿಕೆ ಎನ್ನುವವರೂ ಇದ್ದಾರೆ. ಹಬ್ಬ ಹಾಡುವುದು, ದೀಪ ಕೊಡುವುದು ಎಂದರೂ ಇದೇ. ಈಚೆಗೆ ಇದನ್ನು ನೋಡಬೇಕು, ಊರ ಉತ್ಸವದ ವೇದಿಕೆಗೆ ಕರೆಸಬೇಕು ಎಂಬ ಆಸೆ ಹಲವರಲ್ಲಿದೆ. ಒಳ್ಳೆಯದೇ. ಆದರೆ ಇಲ್ಲಿನ ಹಾಡು ಮನೆಯವರು ಮಾಡುವ ಕೆಲಸಕ್ಕೆ ಜೋಡಿಕೊಂಡಿದೆ. ಮನೆಯವರು ತಮ್ಮ ಪಾಲಿನದನ್ನು ಮಾಡದಿದ್ದರೆ ಹಾಡು ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಮೊದಲು ಕ್ರಮ ತಿಳಿಯೋಣ.

ಎಲ್ಲಕ್ಕೂ ಮೂಲ ದೀಪ. ಊರ ದೇವಸ್ಥಾನದಲ್ಲಿ ಪೂಜೆ ಮಾಡಿ ಹಚ್ಚಿದ ಜ್ಯೋತಿಯನ್ನು ತಂಡದ ಒಬ್ಬರು ಹಿಡಿಯುತ್ತಾರೆ. ಸಾಮಾನ್ಯವಾಗಿ ಮೂರು ರಾತ್ರಿ ತಿರುಗಾಟ. ಅಷ್ಟು ಹೊತ್ತೂ ಅದು ಆರಬಾರದು. ಗಾಳಿ, ಇಬ್ಬನಿ, ಒಮ್ಮೊಮ್ಮೆ ಹಿಂಗಾರಿನ ಮಳೆ, ಇವುಗಳ ನಡುವೆ ದೀಪ ಕಾಯುವುದು ಹಾಡಿನಷ್ಟೇ ಜವಾಬ್ದಾರಿಯ ಕೆಲಸ. ದಾರಿಗೆ ಬೆಳಕು ಬೇರೆ ಬೇಕಲ್ಲ, ಅದಕ್ಕೆ ದೊಂದಿಯೋ ಪಂಜೋ ಇರುತ್ತಿತ್ತು. ಈಗ ಬ್ಯಾಟರಿ ಬಂದಿದೆ. ಇಲ್ಲಿ ಒಂದೊಂದು ಮನೆಯೂ ತನ್ನ ತೋಟ, ಗದ್ದೆಗಳ ಮಗ್ಗುಲಲ್ಲಿ ಒಂಟಿಯಾಗಿರುತ್ತದೆ. ಒಂದು ಮನೆಯಿಂದ ಇನ್ನೊಂದಕ್ಕೆ ಕಾಡು ದಾಟಿ, ಸಂಕ ದಾಟಿ, ಗುಡ್ಡ ಹತ್ತಿ ಹೋಗಬೇಕು. ಬೆಳಗಿನ ಜಾವದವರೆಗೆ ಹಾಡಿ ನಡೆದು, ಮರುದಿನ ಉಳಿದ ಮನೆಗಳನ್ನು ಹಿಡಿಯುತ್ತಾರೆ.

ಹಾಡುವ ಬಗೆ ಸರಳವಾಗಿ ಕಾಣುತ್ತದೆ, ಸರಳವಲ್ಲ. ಮುಂದಿನ ಇಬ್ಬರು ಒಂದು ಸಾಲು ಹೇಳಿದರೆ ಹಿಂದಿನ ಇಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ. ಮುಂದಿನವರ ಕೊನೆಯ ದನಿ ಇಳಿಯುವ ಮೊದಲೇ ಹಿಂದಿನವರ ದನಿ ಏರಿರಬೇಕು, ನಡುವೆ ಬಿರುಕು ಬಿಡಬಾರದು. ಇದರಿಂದ ಪದ ಒಂದೇ ಎಳೆಯಾಗಿ ಸಾಗುತ್ತದೆ, ಉಸಿರು ತೆಗೆದುಕೊಳ್ಳಲು ಎರಡು ಕಡೆಯವರಿಗೂ ಬಿಡುವು ಸಿಗುತ್ತದೆ. ರಾತ್ರಿಯಿಡೀ ಹಾಡುವ ಗಂಟಲಿಗೆ ಈ ಬಿಡುವೇ ಆಧಾರ. ಹೊಸ ಹುಡುಗರು ಕಲಿಯುವುದೂ ಹೀಗೆಯೇ: ಪುಸ್ತಕವಿಲ್ಲ, ಪಾಠವಿಲ್ಲ, ಕೆಲವು ವರ್ಷ ಹಿಂದೆ ನಿಂತು ಎತ್ತಿಕೊಳ್ಳುತ್ತಾ ಹೋದರೆ ಮುಂದೆ ನಿಲ್ಲುವ ದಿನ ತಾನಾಗಿ ಬರುತ್ತದೆ. ವಾದ್ಯದ ಗೊಡವೆ ಹೆಚ್ಚಿಲ್ಲ. ಮುಂದಿನವರ ದನಿಯೇ ಶ್ರುತಿ.

ಈಗ ಮನೆಯ ಅಂಗಳಕ್ಕೆ ಬರೋಣ. ದಣಪೆ ದಾಟುವಾಗಲೇ ತಂಡದವರು ಕೂಗು ಹಾಕಿ ತಾವು ಬಂದದ್ದನ್ನು ತಿಳಿಸುತ್ತಾರೆ. ಮನೆಯವರು ಎಚ್ಚರವಿದ್ದರೂ ಬಾಗಿಲು ಮುಚ್ಚಿಯೇ ಇಟ್ಟಿರುತ್ತಾರೆ. ಜಗಲಿಯ ಮುಂದೆ ನಿಂತು ಬಾಗಿಲು ತೆಗೆಸುವ ಪದ ಹಾಡಬೇಕು. ಆ ಮನೆಯನ್ನು, ಬಾಗಿಲನ್ನು, ಒಳಗಿರುವ ಗೃಹಿಣಿಯನ್ನು ಹೊಗಳಿ ಕರೆಯುವ ಹಾಡು ಇದು. ಹಾಡು ಕೇಳಿದ ಮೇಲೆ ಬಾಗಿಲು ತೆರೆಯುತ್ತದೆ. ಮೊದಲೇ ತೆರೆದಿಟ್ಟರೆ ಆ ಹಾಡಿಗೆ ಕೆಲಸವೇ ಇಲ್ಲ. ಅತಿಥಿಗಳು ಬರುತ್ತಾರೆಂದು ಬಾಗಿಲು ಹಾರುಹೊಡೆದು ಕಾಯುವುದು ಪೇಟೆಯಿಂದ ಹಬ್ಬಕ್ಕೆ ಬಂದವರ ಅಭ್ಯಾಸ. ಇಲ್ಲಿ ಬಾಗಿಲು ಹಾಕಿಕೊಂಡಿರುವುದೇ ಮರ್ಯಾದೆ.

ಬಾಗಿಲು ತೆರೆದಮೇಲೆ ಎಣ್ಣೆಯ ಪದ. ಮನೆಯೊಡತಿ ಬಂದು ತಂಡದ ದೀಪಕ್ಕೆ ಎಣ್ಣೆ ಎರೆಯುತ್ತಾಳೆ, ಆ ದೀಪದಿಂದ ತನ್ನ ದೀಪ ಹಚ್ಚಿಕೊಂಡು ದೇವರ ಮುಂದೆ ಇಡುತ್ತಾಳೆ. ನನ್ನ ಮಟ್ಟಿಗೆ ಇಡೀ ಆಚರಣೆಯ ಜೀವ ಇರುವುದು ಇಲ್ಲೇ. ಪ್ರತಿ ಮನೆಯ ಎಣ್ಣೆಯಿಂದ ಉರಿದ ದೀಪ ಮುಂದಿನ ಮನೆಗೆ ಹೋಗುತ್ತದೆ. ಉಳ್ಳವರ ಮನೆಯ ಎಣ್ಣೆ, ಕೂಲಿಯವರ ಮನೆಯ ಎಣ್ಣೆ ಎಂಬ ಭೇದ ಆ ಜ್ವಾಲೆಯಲ್ಲಿ ಉಳಿಯುವುದಿಲ್ಲ. ದೀವರು, ಒಕ್ಕಲಿಗರು ಮೊದಲಾದ ಒಕ್ಕಲುತನದ ಸಮುದಾಯಗಳು ಈ ಹಾಡನ್ನು ಇಂದಿಗೂ ಉಳಿಸಿಕೊಂಡು ಬಂದಿವೆ.

ಆಮೇಲೆ ಕೂತು ಹಾಡುವ ಹೊತ್ತು. ಬಲೀಂದ್ರನ ಕಥೆ, ಗೋವಿನ ಕಥೆ, ದೇವಾನುದೇವತೆಗಳ ಪದಗಳು ಬರುತ್ತವೆ. ಎಷ್ಟು ಉದ್ದ ಹಾಡುವುದು ಎಂಬುದು ಮನೆಯವರ ಮೇಲೆ ನಿಂತಿದೆ. ಜಗಲಿಯಲ್ಲಿ ಕಂಬಳಿ ಹಾಸಿ ಕೂರಿಸಿ, ಇಂಥ ಪದ ಹಾಡಿ ಎಂದು ಹಿರಿಯರು ಕೇಳಿದರೆ ತಂಡದವರಿಗೆ ಉತ್ಸಾಹ ಬರುತ್ತದೆ. ಮನೆಯವರು ನಿದ್ದೆಗಣ್ಣಲ್ಲಿ ನಿಂತಿದ್ದರೆ ನಾಲ್ಕು ನುಡಿಗೆ ಮುಗಿಸಿ ಎದ್ದುಬಿಡುತ್ತಾರೆ. ಕೊನೆಗೆ ಮೊರದಲ್ಲಿ ಅಕ್ಕಿ, ಕಾಯಿ, ಹೋಳಿಗೆ ಅಥವಾ ಕಜ್ಜಾಯ, ಕಾಣಿಕೆ. ಅದನ್ನು ಪಡೆದು ಮನೆ, ಮಕ್ಕಳು, ದನಕರು, ಪೈರು ಎಲ್ಲವನ್ನೂ ಹರಸುವ ಪದ ಹಾಡಿ ಹೊರಡುತ್ತಾರೆ. ಬಂದ ಕಾಣಿಕೆ ಒಬ್ಬೊಬ್ಬರ ಜೇಬಿಗೆ ಹೋಗುವುದಿಲ್ಲ. ಹೆಚ್ಚಿನ ಕಡೆ ಹಬ್ಬ ಕಳೆದಮೇಲೆ ಎಲ್ಲರೂ ಸೇರಿ ಊಟ ಮಾಡುತ್ತಾರೆ, ಇಲ್ಲವೇ ದೇವಸ್ಥಾನದ ಕೆಲಸಕ್ಕೆ ಕೊಡುತ್ತಾರೆ.

ರೊಮೇನಿಯಾ, ಮಾಲ್ಡೋವಾ ದೇಶಗಳಲ್ಲಿಯೂ ಕ್ರಿಸ್‌ಮಸ್ ಹೊತ್ತಿಗೆ ಗಂಡಸರ ತಂಡಗಳು ಹೀಗೆಯೇ ಮನೆಮನೆಗೆ ಹೋಗಿ ಹರಸಿ ಹಾಡುತ್ತವೆ, ಉಡುಗೊರೆ ಪಡೆಯುತ್ತವೆ. ಕೊಲಿಂದಾತ್ ಎಂಬ ಆ ಆಚರಣೆಯನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮದಕ್ಕೂ ಅಂಥ ಮನ್ನಣೆ ಸಲ್ಲಬೇಕು ಎಂದು ನನಗನ್ನಿಸುತ್ತದೆ.

ಇನ್ನು ವೇದಿಕೆಯ ಮಾತು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಈ ಭಾಗದ ಜನಪದ ಹಾಡುಗಾರರಿಗೆ ಮೈಕು ಕೊಟ್ಟಿತು. ಈಗ ಉತ್ಸವ, ಸ್ಪರ್ಧೆಗಳಲ್ಲೂ ಅಂಟಿಗೆ-ಪಂಟಿಗೆ ಕೇಳಿಸುತ್ತದೆ. ಅಲ್ಲಿ ಆಗುವ ದೊಡ್ಡ ತಪ್ಪು, ತಂಡವನ್ನು ಸಾಲಾಗಿ ನಿಲ್ಲಿಸಿ ಐದು ನಿಮಿಷ ಕೊಟ್ಟು ಕಳಿಸುವುದು. ಐದು ನಿಮಿಷದಲ್ಲಿ ಬಾಗಿಲು ತೆಗೆಸುವ ಪದವೂ ಮುಗಿಯದು. ಕನಿಷ್ಠ ಅರ್ಧ ಗಂಟೆ ಕೊಡಿ. ತಂಡ ವೇದಿಕೆಯ ಪಕ್ಕದಿಂದ ಬರುವುದು ಬೇಡ, ಸಭೆಯ ಹಿಂದಿನಿಂದ ದೀಪದೊಡನೆ ಹಾಡುತ್ತಾ ಬರಲಿ. ಊರ ಹೆಂಗಸೊಬ್ಬರು ಎದ್ದು ಬಂದು ನಿಜವಾಗಿ ಎಣ್ಣೆ ಎರೆಯಲಿ. ಆ ಹೊತ್ತಿಗೆ ಸಭಾಂಗಣದ ದೊಡ್ಡ ದೀಪಗಳನ್ನು ಆರಿಸಿದರೆ ಸಾಕು, ಬೇರೆ ಅಲಂಕಾರ ಬೇಕಿಲ್ಲ. 1949ರಿಂದ ಹೆಗ್ಗೋಡಿನಲ್ಲಿ ನೀನಾಸಮ್ ನಾಟಕ ಕಟ್ಟುತ್ತಾ ಬಂದಿರುವ ಈ ನಾಡಿನಲ್ಲಿ ಇಷ್ಟನ್ನು ಅಂದವಾಗಿ ಮಾಡಬಲ್ಲವರಿಗೆ ಬರವಿಲ್ಲ.

ಪಿಟೀಲು, ಹಾರ್ಮೋನಿಯಂ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ನನ್ನ ಉತ್ತರ, ಬೇಡ. ಪಿಟೀಲು ಮನುಷ್ಯರ ಕಂಠಕ್ಕೆ ಬಹಳ ಹತ್ತಿರದ ವಾದ್ಯ, ನನಗೂ ಪ್ರಿಯವಾದದ್ದು. ಆದರೆ ಶ್ರುತಿ ಮಾಡಿಟ್ಟ ತಂತಿಗೆ ಹಾಡುಗಾರರು ತಮ್ಮ ದನಿಯನ್ನು ಕಟ್ಟಿಹಾಕಬೇಕಾಗುತ್ತದೆ. ಹಾಡು ಏರಿದಂತೆ ಇವರ ಶ್ರುತಿಯೂ ಸ್ವಲ್ಪ ಏರುತ್ತದೆ, ಎರಡು ಜೋಡಿಯ ದನಿಗಳು ತಾಗುವಲ್ಲಿ ಹುಟ್ಟುವ ಒರಟು ಸೊಗಸೂ ಇದೆ. ಕಮಾನು ಅದನ್ನು ಸವರಿ ನುಣುಪು ಮಾಡಿಬಿಡುತ್ತದೆ. ಊರ ಪಿಟೀಲು ವಾದಕರಿಗೆ ಅದೇ ಸಂಜೆ ಬೇರೆ ಹೊತ್ತು ಕೊಡಿ. ಜೋಗಿಗಳ ಕಿನ್ನರಿ, ಹೆಂಗಸರ ಹಸೆ ಹಾಡುಗಳಿಗೂ ಒಂದೊಂದು ಜಾಗವಿರಲಿ. ಒಂದರ ಮೇಲೊಂದು ಹೇರುವುದು ಬೇಡ.

ಮೈಕಿನ ವಿಚಾರಕ್ಕೂ ಗಮನವಿರಲಿ. ನಾಲ್ವರಿಗೆ ಒಂದೇ ಮೈಕು ಕೊಟ್ಟರೆ ಹಿಂದಿನವರ ದನಿ ಅಳಿಸಿಹೋಗುತ್ತದೆ, ಆಗ ಎತ್ತಿಕೊಳ್ಳುವ ಚೆಲುವೇ ಕೇಳಿಸದು. ಮುಂದಿನ ಜೋಡಿಗೊಂದು, ಹಿಂದಿನ ಜೋಡಿಗೊಂದು ಇಡಿ, ಎರಡರ ಮಟ್ಟವೂ ಸಮನಾಗಿರಲಿ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವವರು ಮೊದಲು ತಂಡದವರ ಒಪ್ಪಿಗೆ ಕೇಳಬೇಕು. ಹಾಡಿದವರ ಹೆಸರು, ಊರು, ಪದ ಯಾವುದು, ಯಾರಿಂದ ಕಲಿತದ್ದು ಎಂಬುದನ್ನು ಅದರಲ್ಲೇ ಕೇಳಿ ಸೇರಿಸಿದರೆ ನಾಳೆ ಕಲಿಯುವವರಿಗೆ ಉಪಯೋಗ.

ಇದಕ್ಕೆಲ್ಲ ಅವಸರವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಶರಾವತಿ ನೀರು ನಿಂತಾಗ ಸಾಗರ, ಹೊಸನಗರದ ಹಳ್ಳಿಗಳು ಮುಳುಗಿ ಒಟ್ಟಿಗೆ ಹಾಡುತ್ತಿದ್ದ ಮನೆತನಗಳು ಬೇರೆ ಬೇರೆ ಊರುಗಳಿಗೆ ಚದುರಿದವು. ಆಮೇಲೆ ಹುಡುಗರು ಬೆಂಗಳೂರಿಗೆ ಹೋದರು. ಹಬ್ಬಕ್ಕೆ ಊರಿಗೆ ಬಂದರೂ ಪಾಡ್ಯದ ರಾತ್ರಿಗೆ ಬಸ್ಸಿನ ಟಿಕೆಟ್ಟು ಮಾಡಿಸಿರುತ್ತಾರೆ. ಮುಂದೆ ನಿಂತು ಹಾಡಬಲ್ಲ ಹಿರಿಯರಿದ್ದರೂ ಹಿಂದೆ ಎತ್ತಿಕೊಳ್ಳುವವರಿಲ್ಲದೆ ತಂಡ ಹೊರಡದಿರುವ ಊರುಗಳಿವೆ.

ನೀವು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕಿನವರಾದರೆ ಈ ವರ್ಷ ರಜೆಯನ್ನು ಒಂದು ದಿನ ಮುಂದಕ್ಕೆ ಹಾಕಿ. ತಂಡ ಬರುವ ದಾರಿಯಲ್ಲಿ ಗೇಟಿಗೆ ಬೀಗ ಹಾಕಬೇಡಿ, ನಾಯಿ ಕಟ್ಟಿ. ಎಣ್ಣೆ, ಬತ್ತಿ, ಮೊರದಲ್ಲಿ ಅಕ್ಕಿ ತಯಾರಿಟ್ಟುಕೊಳ್ಳಿ. ಮನೆಯ ಹುಡುಗನೊಬ್ಬನನ್ನು ಅವರ ಹಿಂದೆ ಕಳಿಸಿ, ಎತ್ತಿಕೊಳ್ಳುವುದನ್ನು ಅವನು ಅಲ್ಲೇ ಕಲಿಯುತ್ತಾನೆ.