ಮಾತ್ರೆ ಇಡೋದೆಲ್ಲಿ?

ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ನಿನಲ್ಲಿ ಎರಡು ರೈಲು ಹಾದಿಗಳು ಕೂಡುತ್ತವೆ. ಒಂದು ಮುಂಬೈಯಿಂದ ಶಹಾಬಾದ್ ದಾಟಿ ಚೆನ್ನೈ ಕಡೆಗೆ ಹೋಗುತ್ತದೆ. ಇನ್ನೊಂದು 1874ರಲ್ಲಿ ನಿಜಾಮರ ಕಾಲದಲ್ಲಿ ಹಾಕಿದ್ದು. ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದ್ ಮುಟ್ಟುತ್ತದೆ. ಸುತ್ತ ಸಿಮೆಂಟ್ ಕಾರ್ಖಾನೆಗಳು, ಪರಸಿ ಕಲ್ಲಿನ ಖಣಿಗಳು. ಚಿಂಚೋಳಿಗೆ ರೈಲಿಲ್ಲ, ಆದರೆ ಅಲ್ಲಿನ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವುದು ತಪ್ಪಿಲ್ಲ. ಇಂಥ ಸೀಮೆಯಲ್ಲಿ ಮನೆ ಬಿಟ್ಟು ಬಂದ ಹುಡುಗ ಹುಡುಗಿಯರಿಗೆ ಸುಲಭವಾಗಿ ಸಿಗುವ ಸೂರು ರೈಲ್ವೆ ಪ್ಲಾಟ್‌ಫಾರಂ.

ಎಚ್‌ಐವಿ ವೈರಾಣುವಿಗೆ ಮನೆ ಇದ್ದವರು, ಇಲ್ಲದವರು ಎಂಬ ಭೇದವಿಲ್ಲ. ರಕ್ತ, ವೀರ್ಯ, ಯೋನಿದ್ರವ, ಎದೆಹಾಲಿನ ಮೂಲಕ ದಾಟುತ್ತದೆಯೇ ಹೊರತು ಒಂದೇ ತಟ್ಟೆಯ ಊಟದಿಂದಲ್ಲ, ಮುಟ್ಟುವುದರಿಂದಲೂ ಅಲ್ಲ. ಒಳಹೊಕ್ಕ ಮೇಲೆ ಸಿಡಿ4 ಎಂಬ ರಕ್ಷಕ ಕಣಗಳನ್ನು ಹಿಡಿದು, ಅವುಗಳೊಳಗೇ ತನ್ನ ನಕಲು ತೆಗೆಯುತ್ತದೆ. ಚಿಕಿತ್ಸೆಯಿಲ್ಲದ ಗುಹ್ಯರೋಗದ ಹುಣ್ಣಿದ್ದರೆ ವೈರಾಣುವಿಗೆ ಎರಡು ಲಾಭ: ಚರ್ಮ ಒಡೆದಿರುತ್ತದೆ, ಹುಣ್ಣು ಮಾಯಿಸಲು ಅದೇ ಸಿಡಿ4 ಕಣಗಳು ಅಲ್ಲಿಗೆ ಬಂದು ನೆರೆದಿರುತ್ತವೆ. ಎಳೆಯ ಹುಡುಗಿಯರ ಗರ್ಭಕೊರಳಿನ ಒಳಪೊರೆ ಇನ್ನೂ ತೆಳುವಾಗಿರುವುದರಿಂದ ಅವರಿಗೆ ಅಪಾಯ ಜಾಸ್ತಿ. ಒಂದು ಊಟಕ್ಕೋ, ರಾತ್ರಿ ಮಲಗುವ ಜಾಗಕ್ಕೋ ದೇಹ ಒಪ್ಪಿಸಬೇಕಾಗಿ ಬಂದವರು ಕಾಂಡೋಮ್ ಹಾಕು ಎಂದು ಹೇಗೆ ಪಟ್ಟು ಹಿಡಿದಾರು?

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 2006ರಲ್ಲಿ 15ರಿಂದ 19 ವಯಸ್ಸಿನ 313 ಬೀದಿ ಮಕ್ಕಳನ್ನು ಪರೀಕ್ಷಿಸಿದಾಗ ಶೇ. 37 ಮಂದಿಗೆ ಸೋಂಕಿತ್ತು. ಆ ಅಂಕಿಯನ್ನು ಎತ್ತಿ ನಮ್ಮ ಊರುಗಳ ಮೇಲೆ ಹಾಕುವುದು ತಪ್ಪು. ಅಲ್ಲಿ ಮಾದಕದ್ರವ್ಯದ ಸೂಜಿ ಹಂಚಿಕೊಂಡದ್ದು ದೊಡ್ಡ ಕಾರಣ. ನಮ್ಮಲ್ಲಿ ಸೋಂಕು ಹೆಚ್ಚಾಗಿ ಹರಡುವುದು ಲೈಂಗಿಕ ಸಂಪರ್ಕದಿಂದ. ನಮ್ಮ ಬೀದಿ ಮಕ್ಕಳ ನಶೆಯೂ ಬೇರೆ: ಪಂಕ್ಚರ್ ಅಂಗಡಿಯ ಸೊಲ್ಯೂಷನ್, ಬಟ್ಟೆಗೆ ಸುರಿದು ಮೂಗಿಗೆ ಹಿಡಿಯುವುದು. ಅದರಲ್ಲಿನ ಟಾಲುಯೀನ್ ಕೊಬ್ಬಿನಲ್ಲಿ ಕರಗುವ ವಸ್ತು, ಹಾಗಾಗಿ ಕ್ಷಣದಲ್ಲಿ ಮಿದುಳಿಗೇರುತ್ತದೆ. ಹಸಿವು, ಚಳಿ ಗೊತ್ತಾಗುವುದಿಲ್ಲ. ಎದುರಿನ ಅಪಾಯವೂ ಗೊತ್ತಾಗುವುದಿಲ್ಲ. ಸೊಲ್ಯೂಷನ್ನಿನಿಂದ ಎಚ್‌ಐವಿ ಬರದು, ಆದರೆ ಬೇಡ ಎನ್ನುವ ಶಕ್ತಿಯನ್ನು ಅದು ಕಸಿಯುತ್ತದೆ.

ಔಷಧಕ್ಕೆ ಬರಗಾಲವಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. ಕಲಬುರಗಿಯಲ್ಲಿ ಎಆರ್‌ಟಿ ಕೇಂದ್ರವಿದೆ. ಈಗ ಬಹುತೇಕರಿಗೆ ಮೂರು ಔಷಧಗಳನ್ನು ಸೇರಿಸಿದ ಒಂದೇ ಮಾತ್ರೆ, ದಿನಕ್ಕೊಂದು. ತಪ್ಪದೆ ನುಂಗಿ ರಕ್ತದಲ್ಲಿ ವೈರಾಣು ಕಾಣದಷ್ಟು ತಗ್ಗಿದರೆ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದೂ ಇಲ್ಲ. ಆದರೆ ಮೂವತ್ತು ಮಾತ್ರೆಗಳ ಆ ಪ್ಲಾಸ್ಟಿಕ್ ಬಾಟಲಿಯನ್ನು ಪ್ಲಾಟ್‌ಫಾರಂ ಮೇಲೆ ಮಲಗುವವನು ಎಲ್ಲಿಡಬೇಕು? ಚೀಲ ಕಳುವಾಗುತ್ತದೆ, ಮಳೆಗೆ ನೆನೆಯುತ್ತದೆ, ಅಲ್ಲಾಡಿಸಿದರೆ ಸದ್ದು ಮಾಡಿ ಗುಟ್ಟು ಬಯಲಾಗುತ್ತದೆ. ಪದೇಪದೇ ಮಾತ್ರೆ ತಪ್ಪಿದರೆ ವೈರಾಣು ಮತ್ತೆ ಹೆಚ್ಚುತ್ತದೆ, ಔಷಧಕ್ಕೆ ಬಗ್ಗದ ತಳಿ ಹುಟ್ಟಬಹುದು. ಜತೆಗೆ ಗುಂಪಾಗಿ ಮಲಗುವಲ್ಲಿ ಕ್ಷಯದ ಕಾಟ.

ಪರೀಕ್ಷೆಯದೂ ಇದೇ ಕಥೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಸಿಗದಿರಬಹುದು, ಮೂರು ತಿಂಗಳಿಗೆ ಮತ್ತೆ ಬನ್ನಿ ಎನ್ನುತ್ತಾರೆ. ಅಷ್ಟರಲ್ಲಿ ಹುಡುಗ ಸೊಲ್ಲಾಪುರದಲ್ಲೋ ತಾಂಡೂರಿನಲ್ಲೋ ಇರುತ್ತಾನೆ. 18ರೊಳಗಿನವರಾದರೆ ಪಾಲಕರ ಒಪ್ಪಿಗೆ ಬೇರೆ ಬೇಕು. ನಮ್ಮ ಇಡೀ ವ್ಯವಸ್ಥೆ ರೋಗಿಗೊಂದು ಮನೆ, ಮನೆಯಲ್ಲೊಬ್ಬ ಹಿರಿಯ ಇದ್ದಾರೆ ಎಂದುಕೊಂಡೇ ಕಟ್ಟಿದ್ದು. ಹೊಸ ಔಷಧಕ್ಕಿಂತ ಇವರಿಗೆ ಮೊದಲು ಬೇಕಾದದ್ದು ಬೀಗವಿರುವ ಒಂದು ಪೆಟ್ಟಿಗೆ, ರಾತ್ರಿ ಮಲಗಲು ಒಂದು ಆಶ್ರಯ, ಹೆಸರು ಹಿಡಿದು ಕರೆಯುವ ಒಬ್ಬ ಕಾರ್ಯಕರ್ತೆ ಎಂದೇ ನನ್ನ ಎಣಿಕೆ.

ನಿಲ್ದಾಣದಲ್ಲಿ ಒಂಟಿ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ಎಚ್‌ಐವಿ ಕುರಿತು ಕೇಳಲು 1097 ಇದೆ, ಶುಲ್ಕವಿಲ್ಲ. ಅತ್ಯಾಚಾರಕ್ಕೊಳಗಾದವರನ್ನು ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ: ಸೋಂಕು ತಡೆಯುವ 28 ದಿನಗಳ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಲೇಬೇಕು.